ಹಾಸ್ಯನಟನಿಗೆ ಎಡೆ ಇಟ್ಟ ದಿನ

ನಾನು ಚಿಕ್ಕವನಿದ್ದಾಗ, ನಮ್ಮಪ್ಪ ನಗುವುದನ್ನು ನೋಡಬೇಕೆಂದರೆ ತುರುವೇಕೆರೆಯ ಟೆಂಟ್ ಸಿನಿಮಾಕ್ಕೇ ಹೋಗಬೇಕಿತ್ತು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪನ ಹಲ್ಲು ಕಂಡವರೇ ಇಲ್ಲ. ಆದರೆ ತೆರೆಯ ಮೇಲೆ ಆ ಹಾಸ್ಯನಟ ಬಂದರೆ ಸಾಕು, ಅಪ್ಪ ಹೊಟ್ಟೆ ಹಿಡಿದುಕೊಂಡು ಮರಳಿನಲ್ಲಿ ಉರುಳಾಡುತ್ತಿದ್ದ.

ಆ ನಟ ಎಲ್ಲ ಸಿನಿಮಾದಲ್ಲೂ ಏನನ್ನಾದರೂ ಕಾಯುವವನೇ. ಅವನು ಕೋಲು ಹಿಡಿದು ಮುಂಬಾಗಿಲು ಕಾಯುತ್ತಿದ್ದರೆ ಹಿತ್ತಿಲ ಕಡೆಯಿಂದ ಮನೆಯೇ ಖಾಲಿಯಾಗುತ್ತಿತ್ತು. ಆಮೇಲೆ ತಲೆಯ ಮೇಲೆ ಕೈಯಿಟ್ಟು, ಕೆಳತುಟಿ ಮುಂದೆ ಮಾಡಿ ನಮ್ಮನ್ನೇ ನೋಡುತ್ತಿದ್ದ. ಅಷ್ಟಕ್ಕೇ ಟೆಂಟು ಹಾರಿಹೋಗುವಂತೆ ನಗುತ್ತಿದ್ದೆವು.

ಒಂದು ದಿನ ರೇಡಿಯೊದಲ್ಲಿ ಅವನು ಸತ್ತ ಸುದ್ದಿ ಬಂತು. ಮುದ್ದೆಯ ಮುಂದೆ ಕೂತಿದ್ದ ಅಪ್ಪ ಹಾಗೇ ಕೈ ತೊಳೆದು ಎದ್ದ. ಅಂದಿನಿಂದ ಮಾತೂ ಕಮ್ಮಿಯಾಯಿತು.

"ಅಪ್ಪ ಇನ್ನು ಯಾವತ್ತೂ ನಗಾಕಿಲ್ಲ ಕಣ್ಲಾ" ಎಂದು ಅಕ್ಕ ನನ್ನ ಹತ್ತಿರ ಅತ್ತಳು. ನನಗೂ ಅದೇ ಭಯ.

ಹನ್ನೊಂದನೇ ದಿನ, ಅವನಿಗೆ ನಾನೇ ಎಡೆ ಇಡುತ್ತೇನೆ ಎಂದು ಅಪ್ಪ ಹೊರಟ. ಅಂಗಳದಲ್ಲಿ ಕೊಬ್ಬರಿ ಒಣಹಾಕಿ ಕೋಲು ಹಿಡಿದು ಕಾಯುತ್ತಿದ್ದ ಅಜ್ಜಿ, "ಸಿನಿಮಾದವನಿಗೆ ತಿಥಿಯಂತೆ! ಮಾಡಾಕೆ ಬೇರೆ ಕೆಲ್ಸ ಇಲ್ವೇನ್ಲಾ ನಿಂಗೆ?" ಎಂದು ಬೈದಳು.

ಆದರೂ ಊರಿನ ಅಭಿಮಾನಿಗಳೆಲ್ಲ ಅಂಗಳದ ಎದುರಿಗಿದ್ದ ನಮ್ಮ ತೆಂಗಿನ ತೋಟಕ್ಕೆ ಬಂದರು. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡಬೇಕಲ್ಲವೇ? ಇವನಿಗೆ ಏನಿಷ್ಟವೋ ಯಾರಿಗೆ ಗೊತ್ತು! ಸಿನಿಮಾಗಳಲ್ಲಿ ಅವನು ತಿಂದದ್ದನ್ನೆಲ್ಲ ನೆನಪಿಸಿಕೊಂಡು ತಂದಿದ್ದರು. ಒಬ್ಬಟ್ಟು ಬಂತು, ಮೆಣಸಿನಕಾಯಿ ಬೋಂಡ ಬಂತು, ಕೋಳಿಸಾರು ಬಂತು, ಕೊನೆಗೆ ಒಂದು ಕಟ್ಟು ಬೀಡಿಯೂ ಬಂತು. ಪೇಪರಿನ ಫೋಟೊವನ್ನು ಮರಕ್ಕೆ ಅಂಟಿಸಿ, ಬಾಳೆಲೆಯಲ್ಲಿ ಬಡಿಸಿ, ಊದುಬತ್ತಿ ಹಚ್ಚಿ ಎಲ್ಲರೂ ದೂರ ನಿಂತೆವು. ಇನ್ನು ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮ ಕಡೆಯ ನಂಬಿಕೆ.

ಒಂದು ಕಾಗೆಯೂ ಬರಲಿಲ್ಲ. ಬಿಸಿಲು ಏರಿತು. ಬೋಂಡದ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಕಾವ್ ಕಾವ್ ಎಂದು ಕರೆದು ಕರೆದು ಅಪ್ಪನ ಗಂಟಲು ಕಟ್ಟಿತು.

"ಏನಾಸೆ ಉಳೀತಪ್ಪಾ ನಿಂಗೆ?" ಎಂದು ಫೋಟೊವನ್ನೇ ಕೇಳಿದ. ಅಪ್ಪನ ಕಣ್ಣು ತುಂಬಿತ್ತು.

ಪಕ್ಕದಲ್ಲಿ ಯಾರೋ ಸೊರ್ ಎಂದು ಮೂಗೆಳೆದರು. ನೋಡಿದರೆ ಅಜ್ಜಿ! ಬೈದವಳೇ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪ ಬೆಚ್ಚಿದ. "ಅವ್ವೋ, ನೀನಿಲ್ಲಿದ್ರೆ ಅಲ್ಲಿ ಕೊಬ್ರಿ ಕಾಯೋರ್ ಯಾರು?"

ಎಲ್ಲರೂ ಹಿಂದಕ್ಕೆ ತಿರುಗಿದೆವು. ಊರಿನ ಕಾಗೆಗಳೆಲ್ಲ ನಮ್ಮ ಅಂಗಳದಲ್ಲಿದ್ದವು! ಬಾಯಿ ತುಂಬ ಕೊಬ್ಬರಿ ಇರುವಾಗ ಕಾಗೆ ಯಾಕೆ ಕೂಗೀತು? ಒಂದಂತೂ ಅಜ್ಜಿಯ ಮಣೆಯ ಮೇಲೇ ಕೂತು ಹೋಳು ಕುಕ್ಕುತ್ತಿತ್ತು. ಅಜ್ಜಿ ತಲೆಯ ಮೇಲೆ ಕೈಯಿಟ್ಟು, ಕೆಳತುಟಿ ಮುಂದೆ ಮಾಡಿ ನಮ್ಮನ್ನೇ ನೋಡಿದಳು. ಥೇಟ್ ಅವನೇ!

ಅಪ್ಪ ಅಜ್ಜಿಯನ್ನು ನೋಡಿದ, ಫೋಟೊವನ್ನು ನೋಡಿದ. ಬೈಗುಳದ ಮಳೆಯೇ ಸುರಿಯುತ್ತದೆ ಎಂದು ನಾನು ಅಕ್ಕನ ಹಿಂದೆ ಅಡಗಿದೆ. ಅಪ್ಪ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ಮರದ ಬುಡದಲ್ಲೇ ಉರುಳಿದ.

"ಅವನಾಸೆ ಇದೇ ಇತ್ತು ಕಣ್ರಲಾ! ಹೋಗೋವಾಗ್ಲೂ ನಗಿಸ್ಬುಟ್ಟು ಹೋದ!"

ಅಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಅಮ್ಮ ಹೋದ ಮೇಲೆ ಅಪ್ಪ ಟೆಂಟಿನ ಹೊರಗೆ ನಕ್ಕಿದ್ದು ಅದೇ ಮೊದಲು. ಅವತ್ತಿನ ಬೋಂಡ ನನ್ನ ಪಾಲಿಗೆ ಬಂತು. ತಣ್ಣಗಾಗಿತ್ತು, ಆದರೂ ಅಂಥ ಬೋಂಡ ಮತ್ತೆ ತಿಂದಿಲ್ಲ.

ಮಕ್ಕಳೇ, ಈಗ ಆ ನಟ ನಿಮ್ಮ ಫೋನಿನಲ್ಲಿ ಕರೆದಾಗೆಲ್ಲ ಬರುತ್ತಾನೆ. ನಾವು ಅವನಿಗಾಗಿ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು, ನೂರು ಜನ ಒಟ್ಟಿಗೆ ನಗುತ್ತಿದ್ದೆವು. ನೀವೋ ಕಿವಿಗೆ ವೈರು ಸಿಕ್ಕಿಸಿಕೊಂಡು ಮೂಲೆಗೊಬ್ಬರು ನಗುತ್ತೀರಿ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅವನನ್ನು ನೋಡಿ ನಕ್ಕಳಲ್ಲ, ಅದು ನಮ್ಮಪ್ಪನದೇ ನಗು. ಆ ವೈರು ಕಿತ್ತು ಎಲ್ಲರೂ ಜಗಲಿಗೆ ಬನ್ನಿ, ಒಟ್ಟಿಗೆ ನೋಡೋಣ. ಒಬ್ಬರು ಮಾತ್ರ ಅಂಗಳದ ಕಡೆ ಮುಖ ಮಾಡಿ ಕೂತಿರಿ, ಕೊಬ್ಬರಿ ಒಣಹಾಕಿದ್ದೇನೆ.