ಹಾಲುತುಪ್ಪ ಬಿದ್ದ ನೆಲ

ಬೀರಮ್ಮನ ಗಂಟಲು ದೊಡ್ಡದು. ಹೊಸಕೊಪ್ಪಲಿನಲ್ಲಿ ಅವಳು ಕುರಿಗಳನ್ನು ಕೂಗಿದರೆ ಗೊರೂರು ಬಸ್ ಸ್ಟ್ಯಾಂಡಿನ ನನ್ನ ಹೋಟೆಲಿನಲ್ಲಿ ಗಿರಾಕಿಗಳ ಟೀ ಚೆಲ್ಲುತ್ತದೆ ಎಂದು ನಾನು ಅವಳನ್ನು ರೇಗಿಸುತ್ತಿರುತ್ತೇನೆ. ಅವಳೇನು ಕಡಿಮೆಯೇ? 'ನಿನ್ ಟೀ ಕುಡಿಯೋಕಿಂತ ಚೆಲ್ಲಾದೇ ವಾಸಿ ಬುಡಕ್ಕ' ಎನ್ನುತ್ತಾಳೆ.

ಸಾಲಗಾಮೆ ಕಡೆಯ ಹೆಣ್ಣು. ಹೊಸಕೊಪ್ಪಲಿನ ದೊಡ್ಡಬೀರಯ್ಯನಿಗೆ ಕೊಟ್ಟಿದ್ದರು. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನಲ್ಲಿ ಜಮೀನಿದ್ದವರು ಬೇರೆ ಕಡೆ ಜಮೀನು ಪಡೆದು ಹೋದರು. ಜಮೀನಿಲ್ಲದ, ಕುರಿ ಸಾಕುವ ಮನೆಗಳು ಹಿನ್ನೀರಿನ ಅಂಚಿನಲ್ಲೇ ಉಳಿದವು. ಅದೇ ಹೊಸಕೊಪ್ಪಲು. ಅವರಿಗೆ ಸೈಟು ಕೊಟ್ಟರು, ಬೀದಿದೀಪ ಕೊಟ್ಟರು, ಸ್ಮಶಾನ ಕೊಡಲಿಲ್ಲ. ನಕ್ಷೆ ಬರೆದ ಪುಣ್ಯಾತ್ಮರು ಈ ಜನ ಸಾಯುವುದೇ ಇಲ್ಲ ಎಂದುಕೊಂಡಿದ್ದರೋ ಏನೋ.

ನಮ್ಮ ಕಡೆ ಹೊಲವಿದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ನಮ್ಮ ಮಾವನವರೂ ತೋಟದ ಮೂಲೆಯಲ್ಲೇ ಮಲಗಿದ್ದಾರೆ. ಹೊಲವಿಲ್ಲದವರು ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ನೀರು ಇಳಿದು ಬಯಲಾಗುವ ನೆಲದಲ್ಲಿ ಹೂಳುತ್ತಿದ್ದರು. ಮಳೆಗಾಲಕ್ಕೆ ನೀರು ಏರಿ ಎಲ್ಲವನ್ನೂ ಮುಚ್ಚುತ್ತಿತ್ತು. ಬೇಸಿಗೆಯಲ್ಲಿ ಸತ್ತವರು ಪುಣ್ಯ ಮಾಡಿದ್ದರು ಎಂದು ಅಲ್ಲಿಯ ಹೆಂಗಸರು ಹೇಳುತ್ತಿದ್ದರು.

ದೊಡ್ಡಬೀರಯ್ಯ ಅಷ್ಟು ಪುಣ್ಯ ಮಾಡಿರಲಿಲ್ಲ. ಆಷಾಢದಲ್ಲಿ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಹೊರಟವರು ಅರ್ಧ ದಾರಿಯಿಂದಲೇ ಹೆಣದ ಜೊತೆ ತಿರುಗಿ ಬಂದರು. ಇನ್ನೂ ನೀರು ಬಾರದ ಒಂದು ಚೂರು ಜಾಗ ಹುಡುಕಿ ಹೂತರು. ಆದರೆ ಮೇಲೆ ಸಕಲೇಶಪುರದ ಕಡೆ ಮಳೆ ಹಿಡಿದಿತ್ತು. ಮೂರನೆಯ ದಿನ ಹಾಲುತುಪ್ಪ ಬಿಡಲು ಬೀರಮ್ಮ ಚೊಂಬು ಹಿಡಿದು ಹೋದರೆ ಮಣ್ಣೇ ಕಾಣಲಿಲ್ಲ. ಎಲ್ಲೆಲ್ಲೂ ಕೆಂಪು ನೀರು.

ಹೂತ ಮಣ್ಣಿನ ಮೇಲೆ ಹಾಲು, ತುಪ್ಪ ಬಿಟ್ಟರೆ ಸತ್ತವರ ಬಾಯಿ ತಣ್ಣಗಾಗುತ್ತದೆ ಎಂದು ನಮ್ಮ ನಂಬಿಕೆ. ಅದಾಗದೆ ಸತ್ತವರಿಗೂ ನೆಮ್ಮದಿಯಿಲ್ಲ, ಉಳಿದವರಿಗೂ ಇಲ್ಲ. ಯಾರೋ ಅಂದಾಜಿನಲ್ಲಿ ಕೈ ತೋರಿಸಿದರು. ಬೀರಮ್ಮ ಮೊಣಕಾಲುದ್ದ ನೀರಿಗಿಳಿದು ಚೊಂಬು ಬಗ್ಗಿಸಿದಳು. ಹಾಲು ಕದಡಿಹೋಯಿತು, ತುಪ್ಪ ತೇಲಿಕೊಂಡು ಹೋಯಿತು. ನಾನೂ ಅಲ್ಲಿದ್ದೆ, ಅವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳ ಅತ್ತೆ ನೀಲಗಂಗಮ್ಮ, ಮಗನನ್ನು ಕಳೆದುಕೊಂಡ ಹಣ್ಣು ಮುದುಕಿ, ಸೊಸೆಯ ಕೈ ಹಿಡಿದುಕೊಂಡಳು.

'ನನ್ನ ಮಾತ್ರ ನೀರ್ ಪಾಲು ಮಾಡ್ಬ್ಯಾಡ ಕಣವ್ವಾ. ನೆಲದಲ್ಲಿ ಮಲಗ್ಸು.'

'ಆಯ್ತು ಕಣತ್ತೆ' ಎಂದಳು ಬೀರಮ್ಮ. ಮಾತು ಕೊಟ್ಟಾಯಿತು. ನೆಲ ಎಲ್ಲಿಂದ ತರುವುದು?

ಅಲ್ಲಿಂದ ಅವಳ ತಿರುಗಾಟ ಶುರುವಾಯಿತು. ಒಂದು ಆಫೀಸಿನವರು ಜಾಗ ನಮ್ಮದಲ್ಲ ಎಂದರು. ಇನ್ನೊಂದು ಆಫೀಸಿನವರು ಜಾಗ ನಮ್ಮದೇ, ಕೊಡುವುದು ನಮ್ಮ ಕೈಯಲ್ಲಿಲ್ಲ ಎಂದರು. ಸಂಜೆ ಬಸ್ಸಿಳಿದು ನನ್ನ ಹೋಟೆಲಿನ ಬೆಂಚಿನಲ್ಲಿ ಕೂತು ಅವರನ್ನೆಲ್ಲ ಬೈಯುತ್ತಿದ್ದಳು. ಬೀರಮ್ಮನ ಬೈಗುಳ ಕೇಳಲೆಂದೇ ಎರಡನೇ ಟೀ ಹೇಳುವವರಿದ್ದರು.

ಮುಂದಿನ ಬೇಸಿಗೆಯಲ್ಲಿ, ಮುಳುಗಡೆಯಾದವರ ಕಷ್ಟ ಕೇಳಲು ವಿಧಾನಸಭೆಯ ಸಮಿತಿಯೊಂದು ಬರುತ್ತದೆ ಎಂಬ ಸುದ್ದಿ ಬಂತು. ಅದರಲ್ಲಿದ್ದವರಲ್ಲಿ ಒಬ್ಬರು ಮಲ್ಕಣ್ಣ, ಯಾದಗಿರಿ ಸೀಮೆಯ ಶಾಸಕರು. ಅಷ್ಟು ದೂರದ ಉತ್ತರದವರಿಗೆ ನಮ್ಮ ಹೇಮಾವತಿ ದಂಡೆಯ ಗೋಳು ಏನು ಗೊತ್ತಾದೀತು ಎಂದು ನಾನು ಮೂಗು ಮುರಿದೆ.

ಹೊಸಕೊಪ್ಪಲಿನವರ ಬುದ್ಧಿಯನ್ನಾದರೂ ನೋಡಿ. ಬರುವವರು ದೊಡ್ಡವರು, ಬೀಗರಂತೆ ನೋಡಿಕೊಳ್ಳಬೇಕು ಎಂದು ಊರ ಯಜಮಾನ ದ್ಯಾವಯ್ಯ ಓಡಾಡಿದ. ಊರೊಳಗೆ ಅಷ್ಟು ಜನ ಕೂರಲು ಜಾಗವಿಲ್ಲ. ನೀರು ಇಳಿದು ಬಯಲಾಗಿದ್ದ ನೆಲದಲ್ಲಿ ಗರಿಕೆ ಬೆಳೆದು ಹಸಿರಾಗಿತ್ತು. ಅಲ್ಲೇ ಶಾಮಿಯಾನ ಹಾಕಿಸಿದ, ಕುರ್ಚಿ ಜೋಡಿಸಿದ, ನೀರುಮಜ್ಜಿಗೆ ಮಾಡಿಸಿದ. ಹೂಳಲು ಜಾಗವಿಲ್ಲ ಎಂದು ಅಳಬೇಕಾದವರು ಇದ್ದೊಂದು ಜಾಗವನ್ನು ಸಿಂಗಾರ ಮಾಡಿ ತೋರಿಸಿದರು. ತವರಿಗೆ ಹೋಗಿದ್ದ ಬೀರಮ್ಮ ಬಸ್ಸಿಳಿದು ನನ್ನ ಜೊತೆ ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಕುರ್ಚಿಯಲ್ಲಿ ಕೂತಾಗಿತ್ತು.

ಜೊತೆಯಲ್ಲಿ ಬಂದಿದ್ದ ಅಧಿಕಾರಿಯೊಬ್ಬರು ಕೈ ಬೀಸಿ ತೋರಿಸಿದರು. 'ನೋಡಿ ಸಾರ್, ಎಷ್ಟು ಜಾಗ ಇದೆ! ಇಷ್ಟಿಟ್ಟುಕೊಂಡು ಇವರು ಸ್ಮಶಾನ ಕೇಳ್ತಾರೆ.'

ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ದ್ಯಾವಯ್ಯ ಮರ್ಯಾದೆಗೆ 'ಊ ಸಾ' ಎಂದು ತಲೆಯಾಡಿಸಿದ! ನನಗೆ ಆ ಮಜ್ಜಿಗೆಯನ್ನು ಅವನ ತಲೆಯ ಮೇಲೆ ಸುರಿಯೋಣ ಅನ್ನಿಸಿತು.

ಬೀರಮ್ಮ ಜನರನ್ನು ಸರಿಸಿಕೊಂಡು ಹೋಗಿ ಅಧಿಕಾರಿಯ ಮುಂದೆ ನಿಂತಳು. ಕೂಗಲಿಲ್ಲ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

'ಸಾ, ತಾವು ಕುಂತಿರೋ ಕುರ್ಚಿ ಕೆಳಗೆ ನಮ್ಮ ಯಜಮಾನ್ರು ಮಲಗವ್ರೆ.'

ಅಧಿಕಾರಿ ಬೆಂಕಿ ತುಳಿದವರಂತೆ ಎದ್ದರು. ಮಲ್ಕಣ್ಣನವರೂ ಎದ್ದರು, ಚಪ್ಪಲಿ ಬಿಟ್ಟು ದೂರ ಇಟ್ಟು ಬಂದು ಗರಿಕೆಯ ಮೇಲೆ ನೆಲದಲ್ಲೇ ಕೂತರು. 'ಹೇಳು ತಂಗಿ' ಎಂದರು.

'ಆಷಾಢದಲ್ಲಿ ಓದ್ರು ಸಾ. ಆಲುತುಪ್ಪ ಬುಡಾನ ಅಂತ ಬಂದ್ರೆ ಮಣ್ಣೇ ಇರ್ನಿಲ್ಲ. ನೀರಿಗ್ ಬುಟ್ಟೆ. ತೇಲ್ಕಂಡೋಯ್ತು. ಅವ್ರ ಬಾಯಿಗ್ ಬಿತ್ತೋ ಇಲ್ವೋ ಯಾರ್ನ ಕೇಳ್ಳಿ? ಈಗ ನಮ್ಮತ್ತೆ ಜೀವ ಇಡ್ಕಂಡು ಕುಂತದೆ. ನೆಲದಲ್ಲಿ ಮಲಗುಸ್ತೀನಿ ಅಂತ ಮಾತು ಕೊಟ್ಟಿವ್ನಿ.'

ಮಲ್ಕಣ್ಣನವರು ಗರಿಕೆ ಸವರಿದರು. 'ನಮ್ಮೂರೂ ಕೃಷ್ಣಾ ನೀರಾಗ ಮುಳಗ್ಯಾದ ತಂಗಿ. ನಮ್ಮಪ್ಪನ ಗೋರಿ ನೀರಿನ ತಳಕ್ಕ ಅದ. ನಾ ಶ್ರಾವಣದಾಗ ಮತ್ತ ಬರ್ತೀನಿ. ಅವತ್ತೂ ಈ ಸಾಹೇಬರಿಗೆ ಕುರ್ಚಿ ಇಲ್ಲೇ ಹಾಕಸ್ರಿ.'

ನಾನು ನಂಬಲಿಲ್ಲ. ಆದರೆ ಆ ಮನುಷ್ಯ ಬಂದರು. ಛತ್ರಿ ಹಿಡಿದು ದಂಡೆಯ ಮೇಲೆ ನಿಂತು, ಶಾಮಿಯಾನ ಹಾಕಿದ್ದ ಜಾಗ ಎಲ್ಲಿ ಎಂದು ಅದೇ ಅಧಿಕಾರಿಯನ್ನು ಕೇಳಿದರು. ಅಧಿಕಾರಿ ನೀರಿನ ಕಡೆ ಕೈ ತೋರಿಸಿ ತಲೆ ತಗ್ಗಿಸಿದರು.

ಆಮೇಲೆ ವಿಧಾನಸಭೆಯಲ್ಲಿ ಅವರು ಎದ್ದು ನಿಂತದ್ದನ್ನು ಹೊಸಕೊಪ್ಪಲಿನ ಜನವೆಲ್ಲ ನನ್ನ ಹೋಟೆಲಿಗೆ ಬಂದು ಮೊಬೈಲಿನಲ್ಲಿ ನೋಡಿದರು. 'ಅಧ್ಯಕ್ಷರೇ, ಆ ಊರಾಗ ನನಗ ಒಂದು ಓಟಿಲ್ಲ. ನಾಡಿಗೆ ನೀರು ಕೊಡಲಿಕ್ಕೆ ಊರು ಬಿಟ್ಟ ಜನ ಅವರು. ಅಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಹಾಲುತುಪ್ಪ ನೀರಿಗೆ ಬಿಟ್ಟಾಳ. ಹೊಲ ಇಲ್ಲದವರಿಗೆ ಹೂಳಲಿಕ್ಕೂ ನೆಲ ಇಲ್ಲ ಅಂದ್ರ ಇದೆಂಥ ನ್ಯಾಯ?' ಎಂದು ಕೇಳಿದರು. ಹೋಟೆಲಿನಲ್ಲಿ ಎಲ್ಲರೂ ಮೊಬೈಲಿನ ಕಡೆ ಇನ್ನಷ್ಟು ಬಗ್ಗಿದರು. ಬೀರಮ್ಮ ಮಾತ್ರ, 'ನನ್ ಎಸ್ರು ಯೋಳ್ನೇ ಇಲ್ವಲ್ಲಕ್ಕಾ' ಎಂದಳು. ಎಲ್ಲರೂ ನಕ್ಕೆವು, ಕಣ್ಣೊರೆಸಿಕೊಂಡು ನಕ್ಕೆವು.

ಮಾತಿಗೆ ಕಾಲು ಬರುವುದು ತಡವಾಯಿತು, ಆದರೂ ಬಂತು. ಯುಗಾದಿ ಕಳೆದ ಮೇಲೆ, ಅಣೆಕಟ್ಟಿನ ನೌಕರರ ಕ್ವಾರ್ಟರ್ಸ್ ಹಿಂದಿನ ದಿಬ್ಬದಲ್ಲಿ ಹೊಸಕೊಪ್ಪಲಿಗೆ ಸ್ಮಶಾನದ ಜಾಗ ಅಳೆದು ಕಲ್ಲು ನೆಟ್ಟರು. ನೀಲಗಂಗಮ್ಮ ಹಟ ಹಿಡಿದಳೆಂದು ಬೀರಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು. ಮುದುಕಿ ಒಂದು ಹಿಡಿ ಮಣ್ಣೆತ್ತಿ ಮೂಸಿ, 'ಚೆಂದಾಗದೆ ಕಣವ್ವ' ಎಂದಳಂತೆ, ಹೊಸ ಮನೆ ನೋಡಿದವರ ಹಾಗೆ.

ಆಷಾಢದಲ್ಲೇ ಅವಳೂ ಹೋದಳು. ಹಿನ್ನೀರು ತುಂಬಿತ್ತು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ದಿಬ್ಬದ ಮೇಲೆ ಹೂತೆವು. ಮೂರನೆಯ ದಿನ ಬೀರಮ್ಮ ಚೊಂಬು ಬಗ್ಗಿಸಿದಳು. ಹಾಲು ಕೆಂಪು ಮಣ್ಣಿನ ಮೇಲೆ ಒಂದು ಗಳಿಗೆ ನಿಂತು, ಹಾಗೇ ಇಂಗಿತು. ಅದನ್ನೇ ನೋಡುತ್ತಿದ್ದ ಬೀರಮ್ಮ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಗಂಡ ಸತ್ತಾಗ ಬಾರದ ಅಳು ಅತ್ತೆಯ ಮಣ್ಣಿನ ಮೇಲೆ ಬಂತು. ನಾವು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಅತ್ತು ಮುಗಿಸಿ ನನ್ನ ಕಡೆ ತಿರುಗಿ, 'ಅಕ್ಕಾ, ಮಲ್ಕಣ್ಣೋರ್ಗೊಂದ್ ಫೋನ್ ಮಾಡ್ಕೊಡು' ಎಂದಳು. ಮಾಡಿಕೊಟ್ಟೆ.

'ಅಣ್ಣಾ, ನಾನು ಒಸಕೊಪ್ಪಲು ಬೀರಮ್ಮ. ಆಲು ಮಣ್ಣಿಗ್ ಬಿತ್ತು ಕಣಣ್ಣಾ. ನಮ್ಮತ್ತೆ ಕುಡೀತು.'

ಅಲ್ಲಿಯವರೆಗೆ ಅವರನ್ನು 'ಸಾ' ಎನ್ನುತ್ತಿದ್ದವಳು ಅವಳು.  ಆ ಕಡೆಯಿಂದ ಮಲ್ಕಣ್ಣನವರ ದನಿ ಕೇಳಿತು.

'ಚೊಂಬಿನಾಗ ಏನರ ಉಳದದ ಏನು, ತಂಗಿ?'

'ನಮ್ಮ ಯಜಮಾನ್ರಿಗೇ ಅಂತ ಒಂದೀಟು ಉಳ್ಸಿವ್ನಿ ಅಣ್ಣ.'

'ನಿನ್ನ ಗಂಡಗ ಬಿಟ್ಟ ಮ್ಯಾಲ, ನಮ್ಮಪ್ಪನ ಹೆಸರಿಗೂ ಒಂದು ಹನಿ ಬಿಡವಾ. ಮಲ್ಲಯ್ಯ ಅಂತ ಹೆಸರು.'

ಬೀರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದಳು. ಅತ್ತೆಯ ಮಣ್ಣಿನ ಪಕ್ಕದಲ್ಲಿ ಬರಿ ನೆಲದ ಮೇಲೆ ಗಂಡನ ಹೆಸರು ಹೇಳಿ ಹಾಲು ಬಿಟ್ಟಳು. ಒಂದು ಮಾರು ಆಚೆ ಹೋಗಿ, ಅವಳು ಕಂಡು ಕೇಳರಿಯದ ಯಾದಗಿರಿ ಸೀಮೆಯ ಮಲ್ಲಯ್ಯನಿಗೆ, ಉಳಿದದ್ದನ್ನೆಲ್ಲ ಬಿಟ್ಟಳು.