ಕಾರು ಹಳಿಯಲು ಹೋದದ್ದು

ಅವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಚಿಕ್ಕಂದಿನಲ್ಲಿ ಎತ್ತಿನ ಕೊಂಬಿಗೂ ನೊಗಕ್ಕೂ ನಡುವೆ ಸಿಕ್ಕಿಕೊಂಡಿತ್ತಂತೆ. ಏನು ಕೊಳ್ಳಬೇಕಾದರೂ ಮೊದಲು ಆ ಉಗುರಿನಿಂದ ತಟ್ಟುತ್ತಿದ್ದ: ತೆಂಗಿನಕಾಯಿ, ತಾಮ್ರದ ಹಂಡೆ, ಒಮ್ಮೆ ನಮ್ಮ ಮಾವ ಮಾಡಿಸಿದ ಹೊಸ ಬಾಗಿಲು. ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ಸುಮ್ಮನಾಗಿಬಿಡುತ್ತಿದ್ದ. ಆ ಸುಮ್ಮನಿರುವಿಕೆಗೆ ಮಾರುವವರು ಬೆವರುತ್ತಿದ್ದರು.

ಅವನು ನನ್ನ ಷಡ್ಡಕ. ತರೀಕೆರೆಯ ಮಾವನವರ ಮನೆಗೆ ನಾನು ಹಿರಿಯ ಅಳಿಯ, ಅವನು ಕಿರಿಯವನು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಕಡೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಅವನದು ಅಜ್ಜಂಪುರದಲ್ಲಿ ಮೊದಲು ಎತ್ತಿನ ವ್ಯಾಪಾರ, ಆಮೇಲೆ ಈರುಳ್ಳಿ. ಹಬ್ಬಕ್ಕೆ ಹೋದರೆ ಅತ್ತೆ ಮೊದಲ ಎಲೆ ಹಾಕುತ್ತಿದ್ದುದು ನನಗೆ, ಮಾವ ಮಾತಾಡುತ್ತಿದ್ದುದು ಅವನ ಜೊತೆ. ‘ಹಿರೀ ಅಳಿಯಂದಿರು ಓದಿದೋರು’ ಎಂದು ನೆಂಟರಿಗೆ ಹೇಳುವಾಗ ಮಾವನ ದನಿಯಲ್ಲಿ ಒಂದು ‘ಪಾಪ’ ಇರುತ್ತಿತ್ತು. ನಿಜವಾಗಿ ಇತ್ತೋ, ನಾನೇ ಸೇರಿಸಿಕೊಂಡೆನೋ, ಈಗ ಹೇಳಲಾರೆ.

ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ವರ್ಷಗಳು. ಅಲ್ಲಿನ ಕಂಟ್ರಾಕ್ಟರುಗಳಿಗೆ ತೋರಿಸಲೆಂದು ಶಿವಮೊಗ್ಗದ ಏಜೆಂಟರೊಬ್ಬರು ಹೊಸ ಕಾರನ್ನು ತಂದು ತರೀಕೆರೆಯ ಪ್ರವಾಸಿ ಮಂದಿರದ ಮುಂದೆ ನಿಲ್ಲಿಸುತ್ತಿದ್ದರು. ಒಂದು ಭಾನುವಾರ ಷಡ್ಡಕ ಕಡೂರಿಗೇ ಬಂದು ನನ್ನನ್ನು ಕರೆದ.

“ಅಣ್ಣ, ಕಾರು ತಗೋಳಾಣ ಅಂತಿದೀನಿ. ಹಳಿಯಾಕೆ ನೀವು ಬರ್ಬೇಕು.”

ಎತ್ತು ಕೊಳ್ಳುವಾಗ ಅವರಲ್ಲಿ ಅದೊಂದು ಪದ್ಧತಿ. ಕೊಳ್ಳುವವನು ಎತ್ತನ್ನು ಹೊಗಳುತ್ತಾನೆ. ಜೊತೆಗೆ ಬಂದವನಿಗೆ ಹಳಿಯುವುದೊಂದೇ ಕೆಲಸ: ಸುಳಿ ಸರಿಯಿಲ್ಲ, ನಡೆ ಸರಿಯಿಲ್ಲ, ಬಾಲ ಗಿಡ್ಡ. ಬೆಲೆಯ ಮಾತು ಅವನು ಎತ್ತುವಂತಿಲ್ಲ. ಈ ಕೆಲಸಕ್ಕೆ ಷಡ್ಡಕ ಯಾವಾಗಲೂ ತನ್ನ ಪಕ್ಕದ ಮನೆಯ ಮುದುಕನನ್ನು ಕರೆದೊಯ್ಯುತ್ತಿದ್ದ. ಈ ಸಲ ಅವನೇಕೆ ಬೇಡ ಎಂದು ಕೇಳಿದೆ.

“ಅವ್ನಿಗೆ ಕಾರು ಗೊತ್ತಿಲ್ಲ.”

“ನನಗೂ ಗೊತ್ತಿಲ್ಲಪ್ಪ.”

“ನೋಡಿದ್ರೆ ನಿಮಗೆ ತಾನಾಗೇ ಬತ್ತದೆ, ಬನ್ನಿ.”

ನೋಡಿದೆ. ಬಂತು. ಕಾರು ಕಪ್ಪಗೆ ಹೊಳೆಯುತ್ತಿತ್ತು. (ಬೂದುಬಣ್ಣ ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಅದರಲ್ಲಿ ನನಗಿಂತ ಹೆಚ್ಚು ಕೂತವಳು.) ಮಾವನ ಮನೆಯ ಅಂಗಳದಲ್ಲಿ ಅದರ ಬಾಗಿಲು ತೆಗೆದು ಅವನ ಹೆಂಡತಿ, ನನ್ನ ನಾದಿನಿ, ಇಳಿಯುವುದೂ, ನಾನೂ ನನ್ನ ಹೆಂಡತಿಯೂ ಬಸ್ಸಿನ ಧೂಳು ಒದರಿಕೊಳ್ಳುತ್ತ ಅದೇ ಅಂಗಳಕ್ಕೆ ಬರುವುದೂ ಒಟ್ಟಿಗೇ ಕಣ್ಣಿಗೆ ಕಟ್ಟಿತು. ಇವನು ಈ ಕಾರು ಕೊಳ್ಳಬಾರದು ಎಂದುಕೊಂಡೆ. ನನಗೆ ಬೇಕಾಗಿದ್ದುದು ಅಷ್ಟೇ.

ಅವನು ಉಗುರಿನಿಂದ ತಟ್ಟಿ, “ಲಕ್ಷಣವಾಗೈತೆ” ಎಂದ. ನಾನು ಶುರುಮಾಡಿದೆ. ಬಾಗಿಲು ಹಾಕಿದರೆ ತಗಡಿನ ಟ್ರಂಕಿನ ಸದ್ದು. ಅಜ್ಜಂಪುರದ ಎರೆಮಣ್ಣಿನ ರಸ್ತೆಯಲ್ಲಿ ಒಂದು ಮಳೆ ಬಂದರೆ ಇದರ ಹೊಟ್ಟೆ ನೆಲಕ್ಕೆ. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಕೆಟ್ಟು ನಿಂತರೆ ರಿಪೇರಿಗೆ ಶಿವಮೊಗ್ಗಕ್ಕೆ ಎತ್ತು ಕಟ್ಟಿ ಎಳೆಸಬೇಕು. ಎತ್ತನ್ನಂತೂ ಇವನು ಆಗಲೇ ಮಾರಿಕೊಂಡಿರುತ್ತಾನೆ. ಏಜೆಂಟರು ಮೊದಲು ನಕ್ಕರು, ಆಮೇಲೆ ಉತ್ತರ ಕೊಟ್ಟರು, ಆಮೇಲೆ ಕರ್ಚೀಫು ತೆಗೆದರು. ಕೊನೆಗೆ ನಾನು ಷಡ್ಡಕನ ತೋಳು ಹಿಡಿದು, “ಬೇಡ ಕಣಪ್ಪ, ನಡಿ ಹೋಗೋಣ” ಎಂದೆ. ನಾಲ್ಕು ಹೆಜ್ಜೆ ಎಳೆದುಕೊಂಡೂ ಹೋದೆ.

ಏಜೆಂಟರು ಹಿಂದಿನಿಂದ ಕೂಗಿ ಕರೆದರು. ಬೆಲೆ ಇಳಿಯಿತು. ಷಡ್ಡಕ ಸುಮ್ಮನೆ ನಿಂತ. ಇನ್ನೂ ಇಳಿಯಿತು. ಮೇಲೆ ಸಾಮಾನು ಕಟ್ಟುವ ಕ್ಯಾರಿಯರು ಪುಕ್ಕಟೆ.

ಅದೇ ಕಾರಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು ಮಾವನ ಮನೆಗೆ ಹೊರಟ. ದಾರಿಯಲ್ಲಿ, ನನ್ನ ಮುಖ ನೋಡದೆ, “ಬ್ಯಾರೆಯೋರು ಬಾಯಲ್ಲಿ ಹಳೀತಾರಣ್ಣ. ಮಾರೋನಿಗೆ ಗೊತ್ತಾಗ್ಬಿಡ್ತದೆ. ನೀವು ಕರುಳಿಂದ ಹಳಿದ್ರಿ” ಎಂದ. ಅದರಲ್ಲಿ ಕುಹಕವಿತ್ತೇ? ನನ್ನ ನೆನಪಿನಲ್ಲಿ ಇಲ್ಲ. ಆ ರಾತ್ರಿಯ ದಿನಚರಿಯಲ್ಲಿ ‘ಬಿಸಿಲು ಹೆಚ್ಚು’ ಎಂದಷ್ಟೇ ಬರೆದಿದ್ದೇನೆ. ಕುಹಕವಿದ್ದಿದ್ದರೆ ಅವನನ್ನು ದ್ವೇಷಿಸಿ ಹಗುರಾಗುತ್ತಿದ್ದೆ. ಮುಂದೆ ಪ್ರತಿ ಹಬ್ಬಕ್ಕೂ ಅವನು ಕಡೂರಿಗೆ ಬಂದು ನಮ್ಮನ್ನು ಹತ್ತಿಸಿಕೊಂಡು ಹೋದ. ಮುಂದಿನ ಸೀಟು ನನಗೇ. ಹಗುರಾಗಲು ಅವನು ಬಿಡಲೇ ಇಲ್ಲ.

ಅರವತ್ತರ ದಶಕದ ನಡುವೆ ಕಾಮಾಲೆ ಅವನನ್ನು ಕೊಂಡೊಯ್ದಿತು. ಮಣ್ಣಿಗೆ ಬಂದ ಜನವನ್ನು ನೋಡಿದಾಗಲೂ ನನ್ನದಕ್ಕೆ ಇಷ್ಟು ಜನ ಬರುವುದಿಲ್ಲ ಎಂದುಕೊಂಡೆ.

ಕೆಲವು ತಿಂಗಳ ಮೇಲೆ ನಾದಿನಿ ಕಾರು ಮಾರಲು ಹೊರಟಾಗ ನನ್ನನ್ನು ತರೀಕೆರೆಯ ತವರುಮನೆಗೆ ಕರೆಸಿಕೊಂಡಳು. ಸಖರಾಯಪಟ್ಟಣದಿಂದ ಬಂದವರು ತಮ್ಮ ಹಳಿಯುವವನನ್ನೂ ಕರೆತಂದಿದ್ದರು. ಬಾಗಿಲು ತಗಡು, ಹೊಟ್ಟೆ ತಗ್ಗು, ಸೀಟು ಕುಸಿದಿದೆ: ಅವನು ಹೇಳಿದ್ದೆಲ್ಲ ಒಂದು ಕಾಲಕ್ಕೆ ನಾನೇ ಹೇಳಿದ್ದು. ನಾದಿನಿ ಕಂಬದ ಮರೆಯಿಂದ, “ಬಾವ, ಅವರಂದಷ್ಟಕ್ಕೇ ಕೊಟ್ಬಿಡಾಣ್ವಾ?” ಎಂದಳು.

ಆ ಮನುಷ್ಯನ ಮುಖ ನೋಡಿದೆ. ಅವನಿಗೆ ಯಾರ ಮೇಲೂ ಹೊಟ್ಟೆ ಉರಿದಿರಲಿಲ್ಲ.

“ಒಂದು ಕಾಸೂ ಇಳಿಸ್ಬೇಡಮ್ಮ, ಬಾಯಲ್ಲಿ ಹಳೀತಾವ್ನೆ” ಎಂದೆ.

ಅವರು ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದರು, ಕೇಳಿದಷ್ಟು ಕೊಟ್ಟರು. ನಾದಿನಿ ಒಳಗೆ ಹೋಗಿ, “ನಮ್ಮ ಬಾವನಷ್ಟು ವ್ಯಾಪಾರ ಯಾರಿಗೆ ಗೊತ್ತು” ಎಂದು ತಾಯಿಗೆ ಹೇಳಿದ್ದು ಕೇಳಿಸಿತು. ಆ ಮನೆಯಲ್ಲಿ ನನ್ನ ಬಗ್ಗೆ ಅಂಥ ಮಾತು ಬಂದದ್ದು ಅದೇ ಮೊದಲು. ಅದೂ ಅವನು ಕಲಿಸಿದ್ದರಿಂದಲೇ ಬಂದದ್ದೆಂದು ಹೊಳೆದಾಗ, ಖಾಲಿಯಾದ ಅಂಗಳದಲ್ಲಿ ನಿಂತು ಸತ್ತವನ ಮೇಲೆ ಮತ್ತೆ ಹೊಟ್ಟೆಕಿಚ್ಚುಪಟ್ಟೆ.