ನಾದಿನಿಯ ಹೆಸರಿಲ್ಲದ ನಂಬರು

ಕಾರಾಕೋಲ್ ಬಸ್ ನಿಲ್ದಾಣದ ಎದುರು, ಟ್ಯಾಕ್ಸಿಗಳು ಸಾಲಾಗಿ ನಿಲ್ಲುವ ಕಡೆ, ಒಂದು ನೀಲಿ ಗೂಡಿದೆ. ಅದರ ಕಿಟಕಿಯಲ್ಲಿ ಕಾಣುವ ಸಿಡುಕು ಮುಖ ಬುರುಲ್‌ಳದು. ರಾಜಧಾನಿ ಬಿಷ್ಕೆಕ್‌ಗೆ ಹೊರಟ ಕಾರಿನಲ್ಲಿ ಮುಂದಿನ ಸೀಟು ಯಾರಿಗೆ, ಯಾರ ಅಜ್ಜಿಗೆ ದಾರಿಯಲ್ಲಿ ವಾಂತಿ ಬರುತ್ತದೆ, ಯಾರ ಮಾಂಸದ ಚೀಲ ಡಿಕ್ಕಿಯಲ್ಲಿ ಸೋರುತ್ತದೆ, ಎಲ್ಲವೂ ತೀರ್ಮಾನವಾಗುವುದು ಅವಳ ಫೋನಿನಲ್ಲಿ. ಬೆಳಗ್ಗೆ ಆರಕ್ಕೆ ಶುರುವಾದರೆ ಊಟದ ಹೊತ್ತಿಗೆ ಎಂಬತ್ತು ಕರೆ. ತಟ್ಟೆಗಿಟ್ಟ ಮಾಂತಿ ಕಡುಬು ತಣ್ಣಗಾಗದೆ ಹೊಟ್ಟೆಗಿಳಿದ ದಿನವೇ ಇಲ್ಲ.

ಆ ಎಂಬತ್ತರಲ್ಲಿ ಇಪ್ಪತ್ತು ಕಳ್ಳರವು. "ಬ್ಯಾಂಕಿನ ಭದ್ರತಾ ವಿಭಾಗದಿಂದ ಮಾತಾಡ್ತಿದೀವಿ" ಎಂದು ಶುರುಮಾಡುತ್ತಾರೆ. ಕಳ್ಳರೆಂದು ಎತ್ತದೇ ಬಿಟ್ಟರೆ ಅದು ಪ್ರಯಾಣಿಕರದೇ ಆಗಿರುತ್ತದೆ, ಅವರು ಪಕ್ಕದ ಗೂಡಿಗೆ ಹೋಗಿರುತ್ತಾರೆ. ಅದಕ್ಕೇ ಮೇ ತಿಂಗಳಲ್ಲಿ ಡ್ರೈವರುಗಳು ಹೇಳಿದರೆಂದು ಅವಳು ಒಂದು ಆ್ಯಪ್ ಹಾಕಿಕೊಂಡಳು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ, ಬೇರೆಯವರು ಅದನ್ನು ತಮ್ಮ ಫೋನಿನಲ್ಲಿ ಏನೆಂದು ಬರೆದಿಟ್ಟಿದ್ದಾರೋ ಅದನ್ನು ತೋರಿಸುವ ಆ್ಯಪ್. ಹಾಕುವಾಗ ಅದು ಐದು ಸಲ ಏನೇನೋ ಕೇಳಿತು. ಐದು ಸಲವೂ ಬುರುಲ್ "ಒಪ್ಪಿಗೆ" ಒತ್ತಿದಳು. ಕಿಟಕಿಯಾಚೆ ನಾಲ್ಕು ಜನ ಸೀಟಿಗಾಗಿ ಕಿತ್ತಾಡುತ್ತಿರುವಾಗ ಯಾರು ಓದುತ್ತ ಕೂರುತ್ತಾರೆ?

ಬೇಸಿಗೆಯೆಲ್ಲ ಸುಖವೋ ಸುಖ. ಕಳ್ಳರ ಕರೆಯನ್ನು ಎತ್ತದೆಯೇ ಕತ್ತರಿಸುವಳು. ಆ ಆ್ಯಪನ್ನು ಕಂಡವರಿಗೆಲ್ಲ ಹೊಗಳಿದಳು.

ಆಗಸ್ಟ್ ಕೊನೆಗೆ ಅವಳ ಮಗಳು ಜಿಬೆಕ್‌ಗೆ ಬಿಷ್ಕೆಕ್‌ನ ನರ್ಸಿಂಗ್ ಕಾಲೇಜಿನಲ್ಲಿ ಜಾಗ ಸಿಕ್ಕಿತು. ಹಾಸ್ಟೆಲ್ ಮಾತ್ರ ಭರ್ತಿ. ಹದಿನಾರರ ಹುಡುಗಿಯನ್ನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬಿಡಲು ಅವಳಪ್ಪ ಸುತಾರಾಂ ಒಪ್ಪಲಿಲ್ಲ. ಉಳಿದದ್ದು ಒಂದೇ ಮನೆ: ಬುರುಲ್‌ಳ ದೊಡ್ಡ ನಾದಿನಿ, ಗಂಡನ ಅಕ್ಕನದು. ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುವ ಆಕೆ ಬಿಷ್ಕೆಕ್‌ನಲ್ಲಿ ಒಬ್ಬರೇ ಇದ್ದರು. ಕಳಿಸು ಎಂದಿದ್ದರು. ಕೋಣೆಯ ಪರದೆಯನ್ನೂ ಒಗೆಸಿಟ್ಟಿದ್ದರಂತೆ.

ನಾದಿನಿಯ ಹೆಸರು ಕಾಲಿಪಾ. ಬುರುಲ್ ಅದನ್ನು ಹದಿನೇಳು ವರ್ಷದಿಂದ ಬಾಯಲ್ಲಿ ಎತ್ತಿಲ್ಲ. ಸೊಸೆಯಾಗಿ ಬಂದವಳು ಗಂಡನಿಗಿಂತ ಹಿರಿಯರ ಹೆಸರನ್ನು ಎತ್ತುವಂತಿಲ್ಲ. ತಾನೇ ಒಂದು ಹೆಸರು ಕಟ್ಟಿಕೊಂಡು ಕರೆಯಬೇಕು. ಎದುರಿಗೆ ಕರೆಯಲು "ಎಜೆ" ಇದೆ, ಅಕ್ಕ ಅಂತ. ಅದು ಎಲ್ಲರಿಗೂ ಸಲ್ಲುತ್ತದೆ. ಆದರೆ ಫೋನಿನಲ್ಲಿ ಹತ್ತಾರು ಎಜೆಗಳಿದ್ದಾಗ ಇವರನ್ನು ಏನೆಂದು ಬರೆಯುವುದು? ಮದುವೆಯಾದ ಹೊಸದರಲ್ಲಿ, ಸಿಟ್ಟಿನಿಂದ ಉರಿಯುತ್ತಿದ್ದ ಒಂದು ದಿನ, ಅವಳು ಬರೆದಿದ್ದಳು: "ನಮ್ಮ ಪ್ರಾಸಿಕ್ಯೂಟರ್". ಆಮೇಲೆ ನಾಲ್ಕು ಫೋನು ಬದಲಾದವು. ಆ ಎರಡು ಪದ ಮಾತ್ರ ಒಂದರಿಂದ ಇನ್ನೊಂದಕ್ಕೆ ಅಚ್ಚುಕಟ್ಟಾಗಿ ನಡೆದುಬಂದವು.

ಜಿಬೆಕ್ ಹೊರಡಲು ಮೂರು ದಿನವಿರುವಾಗ ಕಾಲಿಪಾ ಫೋನ್ ಮಾಡಿದರು. ಹೊಸ ವರ್ಷದ ಪಾಠಗಳ ತಯಾರಿಗೆ ಟೀಚರುಗಳೆಲ್ಲ ಶಾಲೆಯಲ್ಲಿ ಸೇರಿದ್ದರಂತೆ. ಚಹಾ ಹೊತ್ತಿನಲ್ಲಿ ಯಾರೋ ಆ ಆ್ಯಪ್ ತೆಗೆದು, ನಿಮ್ಮನ್ನು ಜನ ಏನೇನು ಅಂತಾರೆ ನೋಡೋಣ ಎಂದು ಎಲ್ಲರ ನಂಬರನ್ನೂ ಹಾಕಿ ಗಟ್ಟಿಯಾಗಿ ಓದಿದ್ದಾರೆ. ಕಾಲಿಪಾ ಎಜೆ, ಕಾಲಿಪಾ ಕೆಮಿಸ್ಟ್ರಿ, ಕಾಲಿಪಾ ನಾಲ್ಕನೇ ಮಹಡಿ. ಕೊನೆಗೆ ಆ ಎರಡು ಪದ. ಯಾರು ಬರೆದದ್ದೆಂದು ಆ್ಯಪ್ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಎಲ್ಲರೂ ಹೆಸರು ಹಾಕಿದಾರೆ. ಇದೊಂದರಲ್ಲೇ ಹೆಸರಿಲ್ಲ. ಪ್ರಪಂಚದಲ್ಲಿ ನನ್ನ ಹೆಸರು ಎತ್ತದೇ ಇರೋರು ಇಬ್ಬರೇ ಕಣೇ, ನೀನು ಮತ್ತೆ ಆ ಮಕಾಬತ್. ನೀನಂತೂ ಮಗಳನ್ನ ನನ್ನ ಮನೇಲಿ ಬಿಡೋಳು, ನೀನು ಬರೀತೀಯಾ? ಅವಳದೇ ಕೆಲಸ."

ನಾನೇ ಎನ್ನಲು ಬುರುಲ್ ಬಾಯಿ ತೆರೆದಳು. ಅಷ್ಟರಲ್ಲಿ ಕಿಟಕಿಗೆ ಡ್ರೈವರೊಬ್ಬ ಬಡಿದ. ಕಾರು ಹೊರಡ್ತಿದೆ ಎಜೆ ಎಂದು ಅವಳು ಫೋನಿಟ್ಟಳು.

ಮಕಾಬತ್ ಅವಳ ವಾರಗಿತ್ತಿ, ಕಿರಿಯ ಮೈದುನನ ಹೆಂಡತಿ. ಊರಲ್ಲಿ ಅತ್ತೆಯ ಜೊತೆಗಿರುವ, ಮದುವೆಯಾಗಿ ಆರು ತಿಂಗಳಾದ ಹುಡುಗಿ.

ಮನೆಗೆ ಬಂದವಳೇ ಬುರುಲ್ ಆ ಪದಗಳನ್ನು ಅಳಿಸಿದಳು. ಇನ್ನೊಂದು ಫೋನಿನಿಂದ ನೋಡಿದರೆ ಆ್ಯಪಿನಲ್ಲಿ ಅವು ಹಾಗೇ ಇವೆ. ಆ್ಯಪನ್ನೇ ಕಿತ್ತು ಹಾಕಿದಳು. ಆಗಲೂ ಇವೆ. ಅಲ್ಲಿಂದ ತೆಗೆಸಬೇಕೆಂದರೆ ಮತ್ತೆ ಆ್ಯಪ್ ಹಾಕಿ, ಖಾತೆ ತೆರೆದು, ಮುಖದ ಫೋಟೋ ಕೊಟ್ಟು, ನಮ್ಮನ್ನು ಯಾಕೆ ಬಿಟ್ಟು ಹೋಗುತ್ತೀರಿ ಎಂಬುದಕ್ಕೆ ಕಾರಣ ಆರಿಸಬೇಕು. ಆರಿಸಿದಳು. ಮೂವತ್ತು ದಿನದೊಳಗೆ ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಕೊಡುವಾಗ ಐದು ಒತ್ತು, ವಾಪಸ್ ಕೇಳಿದರೆ ಒಂದು ತಿಂಗಳು! ಫೋನನ್ನು ಒಲೆಗೆ ಹಾಕೋಣವೆನಿಸಿತು. ಹಾಕಿದರೆ ನಾಳೆ ಕಾರು ಹೊರಡುವುದಿಲ್ಲ.

"ನನ್ನ ಫೋನು, ನಾನು ಬರ್ಕೊಂಡಿದ್ದು. ಅದು ಹೆಂಗೆ ಹೊರಗೆ ಹೋಗುತ್ತೆ?" ಎಂದು ಮಗಳ ಮೇಲೆ ಹಾರಾಡಿದಳು.

"ನೀನೇ ಕೊಟ್ಟಿದ್ದಲ್ವಾ ಅಮ್ಮ. ನಿಂದೊಂದೇ ಅಲ್ಲ, ನಿನ್ನ ಫೋನಲ್ಲಿರೋ ಅಷ್ಟೂ ಜನರದ್ದು," ಎಂದಳು ಜಿಬೆಕ್. ಚೀಲಕ್ಕೆ ಬಟ್ಟೆ ತುಂಬುತ್ತ, ತಲೆಯೆತ್ತದೆ ಸೇರಿಸಿದಳು: "ಈಗ ಸುಮ್ಮನಿದ್ದುಬಿಡು. ಕಾಲೇಜು ಶುರುವಾಗ್ಲಿ, ಆಮೇಲೆ ಹೇಳಿದ್ರಾಯ್ತು."

ಬುರುಲ್ ಅಂದು ಸುಮ್ಮನಿದ್ದಳು. ಮಾರನೇ ದಿನ ಗೂಡಿನಲ್ಲಿದ್ದಾಗ ಮಕಾಬತ್ ಕಳಿಸಿದ ಧ್ವನಿ ಸಂದೇಶ ಬಂತು. ಅರ್ಧ ಅಳು, ಅರ್ಧ ಮಾತು. ಆ ಪದ ಬರೆದವಳು ಇವಳೇ ಎಂದು ಎಜೆ ಊರಿಗೂ ಫೋನ್ ಮಾಡಿ ಅತ್ತೆಗೆ ಹೇಳಿದ್ದರಂತೆ. ಎಜೆಯನ್ನು ತಾನು "ಜೇನು ಎಜೆ" ಎಂದು ಬರೆದಿಟ್ಟಿರುವುದನ್ನು ತೋರಿಸಿದಳಂತೆ. ಬೆಳಗ್ಗೆ ಬದಲಾಯಿಸಿಕೊಂಡಿದ್ದೀಯ ಎಂದು ಅತ್ತೆ ನಂಬಲಿಲ್ಲವಂತೆ. ಎರಡು ಹೊತ್ತಿನಿಂದ ಅತ್ತೆ ಅವಳು ಕೊಟ್ಟ ಚಹಾ ಮುಟ್ಟಿಲ್ಲ. ಸಂದೇಶದ ಕೊನೆಯಲ್ಲಿ ಅವಳು, ನೀವು ಬರೆದಿರಾ ಎಂದು ಬುರುಲ್‌ಳನ್ನು ಕೇಳಲಿಲ್ಲ. ಎಜೆಗೆ ನೀವಾದರೂ ಒಂದು ಮಾತು ಹೇಳಿ ಎಂದಳು, ಅಷ್ಟೆ.

ಬುರುಲ್ ಅದನ್ನು ಎರಡು ಸಲ ಕೇಳಿದಳು. ಕಿಟಕಿಯ ಬಾಗಿಲೆಳೆದು ಚಿಲಕ ಹಾಕಿದಳು. ಹೊರಗೆ ಡ್ರೈವರುಗಳು ಕೂಗಾಡುತ್ತಿರುವಾಗಲೇ ಬಿಷ್ಕೆಕ್‌ಗೆ ಫೋನ್ ಹಚ್ಚಿದಳು.

"ಎಜೆ, ಅದು ನಾನು ಬರೆದಿದ್ದು. ಆ ಹುಡುಗಿಯದೇನೂ ಇಲ್ಲ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಯಾಕೆ ಪ್ರಾಸಿಕ್ಯೂಟರ್?" ಎಂದು ಕಾಲಿಪಾ ಕೇಳಿದರು.

"ಮದುವೆಯಾದ ಮಾರನೇ ದಿನ ನನ್ನ ಕೂರಿಸಿಕೊಂಡು ಮೂರು ಗಂಟೆ ಪ್ರಶ್ನೆ ಕೇಳಿದ್ರಿ. ಹಿಟ್ಟು ಎಷ್ಟು ಹೊತ್ತು ನಾದಿದೆ ಅಂತ."

"ನೀನು ಸರಿಯಾಗಿ ನಾದಿರಲಿಲ್ಲ."

"ಇರಲಿಲ್ಲ, ಎಜೆ. ಆದ್ರೆ ಅದು ನನ್ನ ಫೋನಿನೊಳಗಿನ ಮಾತು. ಹೊರಗೆ ಹೋಗೋದಕ್ಕಲ್ಲ ಬರೆದಿದ್ದು."

"ಎಂಟು ಜನ ಟೀಚರ್‌ಗಳ ಮುಂದೆ ಓದಿದ್ರು ಕಣೇ," ಎಂದರು ಕಾಲಿಪಾ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಯಿತು. "ನನ್ನ ಮುಖಕ್ಕೇ ಅಂದಿದ್ರೆ ಬೈದು ಮುಗಿಸ್ತಿದ್ದೆ. ಈಗ ಸ್ಟಾಫ್ ರೂಮಲ್ಲಿ ಎಲ್ಲರೂ ಹಾಗೇ ಕರೀತಾರೆ. ಒಂದು ಮಾತ್ರ ಲಾಭ, ಮೂರು ತಿಂಗಳಿಂದ ಬ್ಯಾಂಕ್ ಕಳ್ಳರು ಒಬ್ರೂ ನನಗೆ ಫೋನ್ ಮಾಡಿಲ್ಲ. ಅವರೂ ಆ ಆ್ಯಪ್ ನೋಡಿ ಹೆದರಿರಬೇಕು."

ಬುರುಲ್‌ಗೆ ಜಿಬೆಕ್ ಎಂಬ ಹೆಸರನ್ನು ತಾನಾಗಿ ಎತ್ತುವ ಧೈರ್ಯ ಬರಲಿಲ್ಲ. ಕಾಲಿಪಾ ಅವರೇ ಎತ್ತಿದರು. ಹುಡುಗಿ ನಾಡಿದ್ದು ಬರಲಿ, ಅವಳೇನು ಬರೆದಳೇ, ಎಂದರು. ಮಕಾಬತ್‌ಗೆ ನಾನೇ ಫೋನ್ ಮಾಡುತ್ತೇನೆ, ತಪ್ಪಾಯಿತು ಎಂದು ಆರು ತಿಂಗಳ ಸೊಸೆಗೆ ಹೇಳುವ ಹಾಗೆ ಮಾಡಿದೆಯಲ್ಲ, ಅದಕ್ಕೆ ನಿನ್ನನ್ನು ಸುಲಭಕ್ಕೆ ಬಿಡುವುದಿಲ್ಲ, ಎಂದೂ ಅಂದರು.

"ಇನ್ನೊಂದು. ಈಗಲೇ ನಿನ್ನ ಫೋನಲ್ಲಿ ನನ್ನ ಹೆಸರು ಹಾಕು. ಕಾಲಿಪಾ ಅಂತ. ಹಿರಿಯಳು ನಾನೇ ಹೇಳ್ತಿದೀನಿ, ದೋಷ ಇಲ್ಲ."

ಫೋನಿಟ್ಟ ಮೇಲೆ ಬುರುಲ್ ಆ ನಂಬರನ್ನು ತೆರೆದು ಕೂತಳು. ಹೆಬ್ಬೆರಳು ಮೊದಲ ಅಕ್ಷರದ ಮೇಲೆ ನಿಂತಿತು, ಒತ್ತಲಿಲ್ಲ. ಹದಿನೇಳು ವರ್ಷ ನಾಲಿಗೆ ತಪ್ಪಿಸಿಕೊಂಡು ಬಂದ ಹೆಸರು. ಹೊರಗೆ ಯಾರೋ, ಅಕ್ಕ ಕಾರು ತುಂಬಿತು, ಎಂದು ಬಾಗಿಲು ಗುದ್ದುತ್ತಿದ್ದ. ಪರದೆಯ ಮೇಲೆ ಒಂದು ಚೌಕ ತಾನಾಗಿಯೇ ಮೂಡಿತು. ಖಾತೆ ಮುಚ್ಚಿಸಲೆಂದು ಮತ್ತೆ ಹಾಕಿಕೊಂಡ ಆ್ಯಪ್ ಅದು. ಈ ನಂಬರಿಗೆ ಬೇರೆಯವರು ಇಟ್ಟ ಹೆಸರು ಕಾಲಿಪಾ, ನಾವೇ ತುಂಬಿಕೊಡಲೇ, ಒಪ್ಪಿಗೆಯೇ, ಎಂದು ಕೇಳಿತು.

"ಬೇಡ ಹೋಗು, ದರಿದ್ರ," ಎಂದು ಬುರುಲ್ ಚೌಕವನ್ನು ಮುಚ್ಚಿದಳು. ಆಮೇಲೆ ಬಾಗಿಲು ಗುದ್ದುವವನನ್ನು ಕಾಯಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ತಾನೇ ಬರೆದಳು.